ಕಾನಿನ ನೆರಳಿನಲ್ಲೊಂದು ಜೇಕು

(ಸಿಂಗಪುರದ ನಮ್ಮ ಕನ್ನಡ ಬಳಗದ ಕೂಟದಲ್ಲಿ ಅತಿಥಿಗಳು ನೀಡಿದ ಉಪನ್ಯಾಸದ ಬರಹರೂಪ)



ಕನ್ನಡ ಕೂಟದ ವೇದಿಕೆಯಲ್ಲಿ ಹುಲ್ಲಿನಂಥ ಒಂದು ಗಿಡದ ಬಗೆಗೆ ಉಪನ್ಯಾಸವೇ ಎಂದು ನಿಮ್ಮಲ್ಲಿ ಕೆಲವರು ಹುಬ್ಬೇರಿಸಿರಬಹುದು. ಕಾವ್ಯವನ್ನು ಕುರಿತು, ವಚನಗಳನ್ನು ಕುರಿತು ಅಧಿಕಾರದಿಂದ ಮಾತನಾಡಬಲ್ಲವರು ಇಲ್ಲಿಗೆ ಹಿಂದೆ ಬಂದಿದ್ದಾರೆ, ಮುಂದೆಯೂ ಬರುತ್ತಾರೆ. ನಾವಾದರೋ ಬಾಳಿನ ಬಹುಭಾಗವನ್ನು ಸಸ್ಯಶಾಸ್ತ್ರದ ಪಾಠ ಹೇಳುವುದರಲ್ಲಿಯೇ ಕಳೆದವರು. ಬಲ್ಲದ್ದನ್ನು ಹೇಳುವುದೇ ಲೇಸೆಂದು ಈ ವಿಷಯವನ್ನು ಆರಿಸಿಕೊಂಡೆವು.

ಇದಕ್ಕೆ ಇನ್ನೊಂದು ಕಾರಣವೂ ಉಂಟು. ಕಳೆದ ಭಾನುವಾರ ಬಳಗದ ನಾಲ್ಕಾರು ಕುಟುಂಬಗಳೊಡನೆ ಮ್ಯಾಕ್‌ರಿಚಿ ಜಲಾಶಯದ ಸುತ್ತಣ ಕಾಡಿನ ಹಾದಿಯಲ್ಲಿ ನಡೆದು ಹೋಗುತ್ತಿದ್ದೆವು. ಹಾದಿಯು ಒಂದು ತೊರೆಯ ತಗ್ಗಿಗೆ ಇಳಿಯುವಲ್ಲಿ ನೆಲ ಕಪ್ಪಗೆ ಒದ್ದೆಯಾಗಿತ್ತು. ಅಲ್ಲಿ ಅಗಲವಾದ ಎಲೆಗಳ ಒಂದು ಹಿಂಡು ಬೆಳೆದಿತ್ತು. ಏಳೆಂಟು ವರ್ಷದ ಹುಡುಗನೊಬ್ಬ ನಿಂತು, "ಅಜ್ಜಾ, ಈ ಹುಲ್ಲು ಯಾಕೆ ಇಷ್ಟು ಅಗಲ?" ಎಂದು ಕೇಳಿದ. ನಾವು ಬಾಯಿ ತೆರೆಯುವ ಮೊದಲೇ ಅವನ ತಾಯಿ, "ಹುಲ್ಲು ಅಂದ್ರೆ ಹುಲ್ಲು ಕಣೋ, ಮಳೆ ಬರೋ ಹಾಗಿದೆ, ನಡಿ" ಎಂದರು. ಮಳೆ ಬಂದೇ ಬಂದಿತು, ಉತ್ತರ ಉಳಿದುಹೋಯಿತು. ಇಂದಿನ ಮಾತೆಲ್ಲ ಆ ಹುಡುಗನಿಗೆ ಸಲ್ಲಬೇಕಾದ ಉತ್ತರವೆಂದು ತಿಳಿಯಬೇಕಾಗಿ ಪ್ರಾರ್ಥನೆ.

ಹುಲ್ಲಲ್ಲ, ಜೇಕು

ನೋಟಕ್ಕೆ ಹುಲ್ಲಿನಂತೆ ಕಂಡರೂ ಆ ಸಸ್ಯ ಹುಲ್ಲಲ್ಲ. ಅದು ಜೇಕಿನ ಕುಲಕ್ಕೆ ಸೇರಿದುದು. ನಮ್ಮ ಹೊಲಗದ್ದೆಗಳಲ್ಲಿ ಕೊನ್ನಾರಿ ಎಂದೂ ತುಂಗೆಹುಲ್ಲು ಎಂದೂ ಕರೆಸಿಕೊಂಡು ರೈತನ ಶಾಪಕ್ಕೆ ಗುರಿಯಾಗುವ ಕಳೆ ಇದೇ ಕುಲದ್ದು. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಸೈಪರೇಸಿ ಎಂದು ಹೆಸರು. ಏಕದಳ ಸಸ್ಯಗಳಲ್ಲಿ ಆರ್ಕಿಡ್‌ಗಳ ಕುಲವನ್ನೂ ಹುಲ್ಲುಗಳ ಕುಲವನ್ನೂ ಬಿಟ್ಟರೆ ಇದೇ ದೊಡ್ಡದು. ಇದರಲ್ಲಿ ೫,೦೦೦ಕ್ಕೂ ಹೆಚ್ಚು ಪ್ರಭೇದಗಳಿವೆ.

ಹುಲ್ಲನ್ನೂ ಜೇಕನ್ನೂ ಬೇರೆ ಮಾಡಿ ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ಹೂ ಹೊತ್ತ ದಂಟನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಹೊರಳಿಸಿ ನೋಡಿರಿ. ಗಣೇಶನ ಹಬ್ಬಕ್ಕೆ ನೀವು ಹುಡುಕಿ ತರುವ ಗರಿಕೆಯ ದಂಟು ನುಣ್ಣಗೆ ಹೊರಳುತ್ತದೆ, ಏಕೆಂದರೆ ಅದು ದುಂಡಗಿದೆ. ಕೊನ್ನಾರಿಯ ದಂಟು ತಡೆದು ತಡೆದು ಹೊರಳುತ್ತದೆ, ಏಕೆಂದರೆ ಅದಕ್ಕೆ ಮೂರು ಮೂಲೆ. ಜೇಕುಗಳಲ್ಲಿ ಬಹುಪಾಲು ಹೀಗೆ ಮುಮ್ಮೂಲೆಯ ದಂಟುಳ್ಳವು. ಹುಲ್ಲಿನ ಎಲೆಗಳು ಎರಡು ಸಾಲಿನಲ್ಲಿ ಎದುರುಬದುರಾಗಿ ಹೊರಡುತ್ತವೆ. ಜೇಕಿನ ಎಲೆಗಳು ಮೂರು ಸಾಲಿನಲ್ಲಿ, ಮೂರು ದಿಕ್ಕಿಗೆ. ಬಿದಿರು, ಭತ್ತಗಳಲ್ಲಿ ಗೆಣ್ಣು ಗೆಣ್ಣುಗಳ ನಡುವೆ ದಂಟು ಟೊಳ್ಳು. ಜೇಕಿನಲ್ಲಿ ಸಾಮಾನ್ಯವಾಗಿ ಒಳಗೆ ತಿರುಳು ತುಂಬಿರುತ್ತದೆ. ಹುಲ್ಲಿನ ಎಲೆಯ ಬುಡ ದಂಟನ್ನು ಅಂಗವಸ್ತ್ರದಂತೆ ಸುತ್ತಿಕೊಂಡು ಒಂದು ಬದಿ ತೆರೆದಿರುವುದೇ ಹೆಚ್ಚು. ಜೇಕಿನಲ್ಲಿ ಅದು ಹೊಲಿದ ತೋಳಿನಂತೆ ಮುಚ್ಚಿದ ಕೊಳವೆ.

ಈ ಕುಲದ ಉಪಕಾರವನ್ನು ಮನುಷ್ಯ ಬಹುಕಾಲದಿಂದ ಪಡೆದಿದ್ದಾನೆ. ಪ್ರಾಚೀನ ಈಜಿಪ್ಟಿನವರು ಬರೆಯಲು ಬಳಸಿದ ಪಪೈರಸ್ ಒಂದು ಜೇಕು. ತಮಿಳುನಾಡಿನ ಪತ್ತಮಡೈಯಲ್ಲಿ ರೇಷ್ಮೆಯಂತೆ ನೇಯುವ ಚಾಪೆಗಳ ಕೋರೆಯೂ ಜೇಕೇ. ಈ ಊರಿನ ಸಂತೆಗಳಲ್ಲಿ ಚೀನೀ ವ್ಯಾಪಾರಿಗಳು ಮಾರುವ, ಕಡಿದರೆ ಕರಕರ ಎನ್ನುವ 'ಮಾ ಟಿ' ಗಡ್ಡೆ ಜವುಗಿನಲ್ಲಿ ಬೆಳೆಯುವ ಜೇಕೊಂದರ ಗಡ್ಡೆ. ಆಯುರ್ವೇದದಲ್ಲಿ ಜ್ವರಕ್ಕೂ ಅಜೀರ್ಣಕ್ಕೂ ಹೇಳಿರುವ ಮುಸ್ತೆ ನಮ್ಮ ಕೊನ್ನಾರಿ ಗಡ್ಡೆಯೇ.

ಕಾನುಗಳ ಹೆಸರು ಹೊತ್ತ ಗಿಡ

ಅಂದು ನಾವು ಕಂಡ ಜೇಕಿನ ಶಾಸ್ತ್ರೀಯ ನಾಮ ಹೈಪೊಲಿಟ್ರಮ್ ನೆಮೊರಮ್. ಮೊಣಕಾಲೆತ್ತರದಿಂದ ಸೊಂಟದೆತ್ತರದವರೆಗೆ ಬೆಳೆಯುವ, ವರುಷ ವರುಷವೂ ಉಳಿಯುವ ಸಸ್ಯ. ನೆಲದೊಳಗೆ ಗಟ್ಟಿಯಾದ ಬೇರುಕಾಂಡ ಅಡ್ಡಡ್ಡ ಹರಿದು ಅಲ್ಲಲ್ಲಿ ಎಲೆಗಳ ಹಿಂಡನ್ನು ಎಬ್ಬಿಸುತ್ತದೆ. ಎಲೆ ಒಂದರಿಂದ ಎರಡು ಬೆರಳಗಲ, ತೊಗಲಿನಂತೆ ಬಿರುಸು. ಉದ್ದಕ್ಕೂ ಮೂರು ಎದ್ದು ಕಾಣುವ ನರಗಳು. ಅಂಚಿನಲ್ಲಿ ಕೈಗೆ ತರಚುವ ಸೂಕ್ಷ್ಮವಾದ ಹಲ್ಲುಗಳು. ದಂಟಿನ ತುದಿಯಲ್ಲಿ ಕವಲೊಡೆದ ಗೊಂಚಲು. ಅದರಲ್ಲಿ ಕಂದು ಬಣ್ಣದ ಮೊಟ್ಟೆಯಾಕಾರದ ಸಣ್ಣ ಸಣ್ಣ ತೆನೆಗಳು. ಕಾಯಿ ಬಹು ಕಿರಿದು, ಸುಕ್ಕುಗಟ್ಟಿದುದು, ತುದಿಯಲ್ಲಿ ಕೊಕ್ಕುಳ್ಳದ್ದು. ಅಂದಚೆಂದಕ್ಕೆ ಯಾರೂ ಕುಂಡದಲ್ಲಿ ನೆಟ್ಟು ಬೆಳೆಸುವಂಥದಲ್ಲ.

ಈ ಗಿಡಕ್ಕೆ ಮೊದಲು ಶಾಸ್ತ್ರೀಯವಾಗಿ ಹೆಸರಿಟ್ಟವನು ಲಿನೇಯಸನ ಶಿಷ್ಯನಾಗಿದ್ದ ಮಾರ್ಟಿನ್ ವಾಲ್, ೧೭೯೪ರಲ್ಲಿ. ಮುಂದೆ ೧೮೨೦ರ ದಶಕದಲ್ಲಿ ಜರ್ಮನಿಯ ಸ್ಪ್ರೆಂಗೆಲ್ ಅದನ್ನು ಈಗಿನ ಜಾತಿಗೆ ಸೇರಿಸಿದ. 'ನೆಮೊರಮ್' ಎಂಬ ಲ್ಯಾಟಿನ್ ಪದಕ್ಕೆ 'ಬನಗಳ' ಎಂದು ಅರ್ಥ. ಅದರ ಮೂಲವಾದ 'ನೆಮುಸ್' ಎಂಬುದನ್ನು ರೋಮನರು ಬರಿಯ ಕಾಡಿಗಷ್ಟೇ ಅಲ್ಲದೆ ದೇವತೆಗೆ ಮೀಸಲಿಟ್ಟ ಬನಕ್ಕೂ ಬಳಸುತ್ತಿದ್ದರು. ನಮ್ಮ ಮಲೆನಾಡಿನವರಿಗೆ ಈ ಅರ್ಥದ ಮಾತು ಬಾಯಲ್ಲೇ ಇದೆ: ಕಾನು. ಶಿರಸಿ, ಸಿದ್ದಾಪುರ, ಸಾಗರ, ಸೊರಬದ ಕಡೆ ಹಳ್ಳಿಯ ಬೆನ್ನಿಗೆ ಸದಾ ಹಸಿರಾಗಿ, ದೇವರ ಭಯದಿಂದಲೂ ನೀರಿನ ಆಸೆಯಿಂದಲೂ ಜನರು ಉಳಿಸಿಕೊಂಡು ಬಂದ ದಟ್ಟ ಕಾಡು ಅದು. ಆದುದರಿಂದ ಈ ಉಪನ್ಯಾಸದ ಮಟ್ಟಿಗೆ ಈ ಸಸ್ಯವನ್ನು 'ಕಾನುಜೇಕು' ಎಂದು ಕರೆಯೋಣ. ಇದು ನಿಘಂಟಿನ ಪದವಲ್ಲ, ನಾವು ಅನುಕೂಲಕ್ಕೆ ಕಟ್ಟಿಕೊಂಡುದು.

ಹೆಸರು ಹೊರಗಿನಿಂದ ತಂದು ಅಂಟಿಸಿದುದಲ್ಲ. ನಮ್ಮ ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡುಗಳ ತೇವದ ತಗ್ಗುಗಳಲ್ಲಿ ಈ ಗಿಡ ಇದೆ. ಶ್ರೀಲಂಕೆಯಲ್ಲಿದೆ, ಮಲಯ ನಾಡಿನಲ್ಲಿದೆ, ಸಿಂಗಪುರದಲ್ಲಿದೆ, ದ್ವೀಪಗಳನ್ನು ದಾಟಿ ಉತ್ತರ ಆಸ್ಟ್ರೇಲಿಯದಲ್ಲಿಯೂ ಇದೆ. ನಾವು ವಿಮಾನದಲ್ಲಿ ನಾಲ್ಕಾರು ಗಂಟೆ ಹಾರಿ ಬಂದು ಇಳಿದ ಈ ನಾಡಿನಲ್ಲಿ ನಮ್ಮೂರಿನ ಗಿಡ ನಮಗಿಂತ ಎಷ್ಟೋ ಮೊದಲೇ ನೆಲೆಗೊಂಡಿತ್ತು. ಬ್ರಿಟಿಷ್ ಭಾರತದ ಸಸ್ಯಗಳ ಮಹಾಗ್ರಂಥಕ್ಕೆ ೧೮೯೦ರ ದಶಕದಲ್ಲಿ ಜೇಕುಗಳ ಭಾಗವನ್ನು ಬರೆದ ಸಿ. ಬಿ. ಕ್ಲಾರ್ಕ್ ಬಂಗಾಳದಲ್ಲಿ ಶಾಲೆಗಳ ಇನ್‌ಸ್ಪೆಕ್ಟರಾಗಿದ್ದವರು. ಅದೇ ಕಾಲಕ್ಕೆ, ೧೮೮೮ರಿಂದ ೧೯೧೧ರವರೆಗೆ, ಇಲ್ಲಿನ ಸಸ್ಯೋದ್ಯಾನದ ನಿರ್ದೇಶಕರಾಗಿದ್ದ ಹೆನ್ರಿ ರಿಡ್ಲಿ ಈ ದ್ವೀಪದ ಕಾಡುಗಳನ್ನು ಸುತ್ತಿ ಗಿಡಗಳನ್ನು ಸಂಗ್ರಹಿಸುತ್ತಿದ್ದರು. ರಬ್ಬರಿನ ಕೃಷಿಯನ್ನು ಮಲಯದಲ್ಲಿ ಬೇರೂರಿಸಿದವರೆಂದು ರಿಡ್ಲಿಯವರಿಗೆ ಖ್ಯಾತಿ. ಆದರೆ ಆ ಕೃಷಿಯ ಮುಂದೆ ಹಿಂಜರಿಯುತ್ತಿದ್ದ ಕಾಡಿನ ಗಿಡಗಳನ್ನು ದಾಖಲಿಸಿದವರೂ ಅವರೇ.

ಇಬ್ಬರು ದಾಯಾದಿಗಳು

ಈಗ ಹುಡುಗನ ಪ್ರಶ್ನೆಗೆ ಬರೋಣ. ಎಲೆ ಏಕೆ ಅಗಲ? ಇದನ್ನು ತಿಳಿಯಲು ಕಾನುಜೇಕನ್ನು ಅದರ ದಾಯಾದಿಯಾದ ಕೊನ್ನಾರಿಯ ಪಕ್ಕದಲ್ಲಿ ನಿಲ್ಲಿಸಿ ನೋಡಬೇಕು.

ಕೊನ್ನಾರಿ ಬಿಸಿಲಿನ ಮಗು. ಎಲೆ ಕೆಲವೇ ಮಿಲಿಮೀಟರ್ ಅಗಲ. ಉತ್ತ ನೆಲ, ಕಾಲುದಾರಿಯ ಅಂಚು, ಆಟದ ಬಯಲು, ಎಲ್ಲಿ ನೆಲ ಬತ್ತಲಾಯಿತೋ ಅಲ್ಲಿ ಅದು ಹಾಜರು. ಮೇಲಿನ ಹಸಿರನ್ನು ಕಿತ್ತರೂ ಕೆಳಗೆ ಸರಪಣಿಯಂತೆ ಕೋದ ಗಡ್ಡೆಗಳು ಉಳಿಯುತ್ತವೆ. ಸರಪಣಿ ಹರಿದರೆ ಒಂದೊಂದು ಗಡ್ಡೆಯೂ ಒಂದೊಂದು ಗಿಡ. ೧೯೭೭ರಲ್ಲಿ ಪ್ರಕಟವಾದ, ಜಗತ್ತಿನ ಕೆಟ್ಟ ಕಳೆಗಳನ್ನು ಕುರಿತ ಹೆಸರಾಂತ ಗ್ರಂಥವೊಂದು ಇದಕ್ಕೆ ಮೊದಲ ಸ್ಥಾನ ಕೊಟ್ಟಿತು: ೯೦ಕ್ಕೂ ಹೆಚ್ಚು ದೇಶಗಳಲ್ಲಿ, ೫೦ಕ್ಕೂ ಹೆಚ್ಚು ಬೆಳೆಗಳಲ್ಲಿ ಇದರ ಹಾವಳಿಯೆಂದು.

ಕಾನುಜೇಕಿನದು ಬೇರೆಯೇ ಬದುಕು. ದಟ್ಟವಾದ ಮಳೆಕಾಡಿನಲ್ಲಿ ಮೇಲಿನ ಕೊಂಬೆಗಳ ಚಪ್ಪರಕ್ಕೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ ನೆಲ ಮುಟ್ಟುತ್ತದೆ. ಎಲೆಗಳ ಸಂದಿಯಿಂದ ಜಾರಿ ಬೀಳುವ ಬಿಸಿಲಿನ ತುಣುಕು ಕೆಲವು ಕ್ಷಣ ಒಂದೆಡೆ ನಿಂತು ಮುಂದೆ ಸರಿಯುತ್ತದೆ. ಇಂಥ ಬಡತನದಲ್ಲಿ ಬಾಳುವ ಗಿಡ ಕೈಚಾಚಿ ಬೇಡಬೇಕು. ಅಗಲವಾದ ಎಲೆ ಆ ಚಾಚಿದ ಅಂಗೈ.

ಒಳಗಿನ ಯಂತ್ರದಲ್ಲಿಯೂ ಇವೆರಡಕ್ಕೆ ವ್ಯತ್ಯಾಸವಿದೆ. ಸಸ್ಯಗಳು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹಿಡಿದು ಬೆಳಕಿನ ಬಲದಿಂದ ಸಕ್ಕರೆ ಮಾಡುತ್ತವೆಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಹಾಗೆ ಹಿಡಿಯುವ ಕಿಣ್ವಕ್ಕೆ ಒಂದು ದೌರ್ಬಲ್ಯ: ಸೆಕೆ ಏರಿದಂತೆ ಅದು ಇಂಗಾಲದ ಡೈಆಕ್ಸೈಡಿನ ಬದಲು ಆಮ್ಲಜನಕವನ್ನು ಹಿಡಿಯುವ ತಪ್ಪನ್ನು ಹೆಚ್ಚಾಗಿ ಮಾಡುತ್ತದೆ, ದುಡಿಮೆ ವ್ಯರ್ಥವಾಗುತ್ತದೆ. ರಾಗಿ, ಜೋಳ, ಕಬ್ಬು ಮೊದಲಾದವು ಇದಕ್ಕೊಂದು ಉಪಾಯ ಕಂಡುಕೊಂಡಿವೆ. ಅವು ಇಂಗಾಲವನ್ನು ಮೊದಲು ಹೊರಕೋಶಗಳಲ್ಲಿ ಇನ್ನೊಂದು ಕಿಣ್ವದಿಂದ ಹಿಡಿದು, ಬಳಿಕ ಒಳಕೋಶಗಳಿಗೆ ತುಂಬಿಕೊಡುತ್ತವೆ. ಅಲ್ಲಿ ದಟ್ಟವಾಗಿ ಸೇರಿದ ಇಂಗಾಲದ ಡೈಆಕ್ಸೈಡಿನ ನಡುವೆ ತಪ್ಪಿಗೆ ಅವಕಾಶ ಕಡಿಮೆ. ಆದರೆ ಈ ತುಂಬುವ ಕೆಲಸಕ್ಕೆ ಹೆಚ್ಚಿನ ಶಕ್ತಿ ಬೇಕು. ಬಿಸಿಲು ಧಾರಾಳವಾಗಿರುವಲ್ಲಿ ಅದು ಭಾರವಲ್ಲ. ನೆರಳಿನಲ್ಲಿ ತಾಳಲಾರದ ಖರ್ಚು. ಕೊನ್ನಾರಿ ರಾಗಿ ಜೋಳಗಳ ಪಂಗಡ. ಕಾನುಜೇಕು ಭತ್ತದಂತೆ ಹಳೆಯ ಪದ್ಧತಿಯಲ್ಲಿಯೇ ಸಂಸಾರ ನಡೆಸುವ ಪಂಗಡ. ನೆರಳಿನಲ್ಲಿ ಅದಕ್ಕೆ ಅದೇ ಲಾಭ.

ಹೀಗೆ ಒಂದೇ ಕುಲದಲ್ಲಿ ಹುಟ್ಟಿದ ಎರಡರಲ್ಲಿ ಒಂದು ಎಲ್ಲಿಯಾದರೂ ಬದುಕುತ್ತದೆ. ಇನ್ನೊಂದು ಕಾಡು ಇರುವಲ್ಲಿ ಮಾತ್ರ. ಈ ಭೇದವನ್ನು ಪುಸ್ತಕದಲ್ಲಿ ಓದುವ ಮೊದಲೇ ನಾವು ನಮ್ಮ ಮನೆಯ ಹಿತ್ತಲಲ್ಲಿ ಕಂಡಿದ್ದೆವು. ಅದನ್ನು ಹೇಳಲು ಸಂಕೋಚವಾಗುತ್ತದೆ, ಆದರೂ ಹೇಳಬೇಕು.

ಮಲೆನಾಡಿನ ನಮ್ಮ ಮನೆಯ ಹಿಂದೆ ಕಾನಿನ ಅಂಚಿನ ಒಂದು ತಗ್ಗಿತ್ತು. ನಡುವೆ ಸಣ್ಣ ಹಳ್ಳ. ಚಿಕ್ಕಂದಿನಲ್ಲಿ ನಾವು ಅಲ್ಲಿ ಏಡಿ ಹಿಡಿಯುತ್ತ ಈ ಅಗಲ ಎಲೆಯ ಜೇಕಿನಿಂದ ಮೊಣಕಾಲು ತರಚಿಕೊಂಡದ್ದುಂಟು. ಅಡಿಕೆಗೆ ಒಳ್ಳೆಯ ಬೆಲೆ ಬಂದ ಒಂದು ವರುಷ ತೋಟ ವಿಸ್ತರಿಸುವ ಮಾತು ಹೊರಟಿತು. ಪಾಲು ಪಡೆದ ನಾವು ಅಣ್ಣತಮ್ಮಂದಿರು ಒಮ್ಮತದಿಂದ ಆ ತಗ್ಗಿನ ಮರಗಳನ್ನು ಕಡಿಸಿದೆವು. ಸಸ್ಯಶಾಸ್ತ್ರ ಓದಿದ್ದವರು ಆ ಮನೆಯಲ್ಲಿ ನಾವೊಬ್ಬರೇ, ಬೇಡವೆನ್ನಬಹುದಾಗಿತ್ತು, ಅನ್ನಲಿಲ್ಲ. ಜೇಕನ್ನು ಯಾರೂ ಕೀಳಲಿಲ್ಲ. ಮೊದಲ ಬೇಸಗೆಗೆ ಅದರ ಎಲೆ ತುದಿಯಿಂದ ಒಣಗಿತು, ಎರಡನೆಯ ಬೇಸಗೆಗೆ ಹಿಂಡೇ ಇಲ್ಲವಾಯಿತು. ಮೂರನೆಯ ಮಳೆಗಾಲದಲ್ಲಿ ಅದೇ ಜಾಗದಲ್ಲಿ ಕೊನ್ನಾರಿ ಎದ್ದಿತು. ಹಿಂದೆ ಯುಗಾದಿ ಕಳೆದರೂ ಹರಿಯುತ್ತಿದ್ದ ಹಳ್ಳ ಶಿವರಾತ್ರಿಗೇ ನಿಲ್ಲತೊಡಗಿತು. ಕೊನ್ನಾರಿ ಎಲ್ಲಿಂದಲೋ ಬಂದು ಜೇಕನ್ನು ಓಡಿಸಿತೆಂದು ನಮ್ಮ ಆಳುಮಕ್ಕಳು ಹೇಳುತ್ತಿದ್ದರು. ಹಾಗಲ್ಲ. ಓಡಿಸಿದವರು ನಾವು, ಕೊನ್ನಾರಿ ಬರಿದಾದ ಮನೆಗೆ ಬಂದ ಒಕ್ಕಲು.

ಹಳೆಯ ಮನೆತನ

ಕಾನುಜೇಕಿನ ಹೂವು ಪಂಡಿತರನ್ನು ಬಹುಕಾಲ ಕಾಡಿದೆ. ಎರಡು ದೋಣಿಯಾಕಾರದ ಹೊಟ್ಟುಗಳ ನಡುವೆ ಕೇಸರಗಳೂ ಒಂದು ಅಂಡಕೋಶವೂ ಕೂಡಿ ಕುಳಿತಿರುತ್ತವೆ. ಮೇಲ್ನೋಟಕ್ಕೆ ಇದು ಗಂಡು ಹೆಣ್ಣು ಕೂಡಿದ ಒಂದೇ ಹೂವು. ಆದರೆ ಸೂಕ್ಷ್ಮವಾಗಿ ಪರೀಕ್ಷಿಸಿದವರಲ್ಲಿ ಹಲವರು ಇದನ್ನು ಒಂದು ಹೂವೆಂದು ಒಪ್ಪುವುದಿಲ್ಲ. ಒಂದೊಂದು ಕೇಸರವೂ ಎಲ್ಲವನ್ನೂ ಕಳೆದುಕೊಂಡ ಒಂದೊಂದು ಗಂಡು ಹೂವು, ನಡುವಿನದು ಹೆಣ್ಣು ಹೂವು, ಒಟ್ಟಿನಲ್ಲಿ ಇದು ಕುಗ್ಗಿ ಒಂದಾದ ಪುಟ್ಟ ಗೊಂಚಲು ಎಂಬುದು ಅವರ ವಾದ. ಅವಿಭಕ್ತ ಕುಟುಂಬವೊಂದು ಒಂದೇ ಕೋಣೆಯಲ್ಲಿ ವಾಸಿಸುತ್ತಿದ್ದರೆ ಹೊರಗಿನವರು ಒಬ್ಬರೇ ಇದ್ದಾರೆಂದು ತಿಳಿದ ಹಾಗೆ.

ಜೇಕಿನ ಕುಲದವರು ಸಾಮಾನ್ಯವಾಗಿ ಪರಾಗವನ್ನು ಗಾಳಿಗೆ ಒಪ್ಪಿಸುತ್ತಾರೆ. ಮಳೆಕಾಡಿನ ತಳದಲ್ಲಿ ಗಾಳಿಯೇ ಆಡುವುದಿಲ್ಲ. ಪಶ್ಚಿಮ ಆಫ್ರಿಕದ ಕಾಡುಗಳಲ್ಲಿ ಕಾನುಜೇಕಿನ ಹತ್ತಿರದ ಬಂಧುಗಳನ್ನು ಗಮನಿಸಿದವರು ಅವುಗಳ ಪರಾಗವನ್ನು ಕೀಟಗಳು ಒಯ್ಯುವುದನ್ನು ಕಂಡಿದ್ದಾರೆ. ಊರಿಗೆ ತಕ್ಕ ನಡೆ.

೧೯೯೦ರ ದಶಕದಿಂದೀಚೆಗೆ ಸಸ್ಯಗಳ ಡಿಎನ್‌ಎ ಪರೀಕ್ಷಿಸಿ ಬಳಗಗಳನ್ನು ಗುರುತಿಸುವ ವಿಧಾನ ಬಂದ ಮೇಲೆ ಇನ್ನೊಂದು ಸಂಗತಿ ಸ್ಪಷ್ಟವಾಯಿತು. ಜೇಕಿನ ಕುಲವೃಕ್ಷ ಬುಡದಲ್ಲಿಯೇ ಎರಡು ಕವಲಾಗಿದೆ. ಒಂದು ದೊಡ್ಡ ಕವಲಿನಲ್ಲಿ ಪಪೈರಸ್, ಕೊನ್ನಾರಿ ಮೊದಲಾಗಿ ಜಗತ್ತಿನ ಬಹುಪಾಲು ಜೇಕುಗಳು. ಇನ್ನೊಂದು ಸಣ್ಣ ಕವಲಿನಲ್ಲಿ ಕಾನುಜೇಕು ಮತ್ತು ಅದರ ಸೋದರರು. ಇವರಲ್ಲಿ ಹೆಚ್ಚಿನವರು ಉಷ್ಣವಲಯದ ಕಾಡುಗಳಲ್ಲಿಯೇ ಉಳಿದವರು. ಜರ್ಮನಿಯ ಮೆಸ್ಸೆಲ್ ಎಂಬಲ್ಲಿ ಸುಮಾರು ೪ ಕೋಟಿ ೭೦ ಲಕ್ಷ ವರ್ಷಗಳಷ್ಟು ಹಳೆಯ ಶಿಲಾಪದರಗಳಿವೆ. ಅಲ್ಲಿ ದೊರೆತ, ೨೦೦೯ರಲ್ಲಿ ವರ್ಣಿಸಲಾದ ಜೇಕಿನ ಪಳೆಯುಳಿಕೆ ಈ ಸಣ್ಣ ಕವಲಿಗೆ ಹತ್ತಿರದ್ದು. ಭೂಮಿ ಬೆಚ್ಚಗಿದ್ದ ಆ ಯುಗದಲ್ಲಿ ಇಂದು ಹಿಮ ಬೀಳುವ ಆ ನಾಡಿನಲ್ಲಿಯೂ ದಟ್ಟವಾದ ಬೆಚ್ಚನೆಯ ಕಾಡಿತ್ತು. ಕಾಡು ಹೋದಾಗ ಅಲ್ಲಿಂದ ಇವರೂ ಹೋದರು.

ಮೆಣಸಿನ ಬಳ್ಳಿ, ಎರಡು ಊರುಗಳಲ್ಲಿ

ಸಿಂಗಪುರದಲ್ಲಿ ಕಾನುಜೇಕಿನ ನೆಲೆ ಹೇಗೆ ಕಿರಿದಾಯಿತೆಂಬ ಕಥೆಯಲ್ಲಿ ನಮ್ಮ ನಾಡಿನ ಬಳ್ಳಿಯೊಂದರ ಪಾತ್ರವೂ ಇದೆ. ಅದೇ ಕರಿಮೆಣಸು.

೧೮೧೯ರಲ್ಲಿ ರಾಫೆಲ್ಸ್ ಇಲ್ಲಿಗೆ ಬಂದಾಗಲೇ ಚೀನೀ ರೈತರ ಗ್ಯಾಂಬಿಯರ್ ತೋಟಗಳು ಈ ದ್ವೀಪದಲ್ಲಿದ್ದವು. ಗ್ಯಾಂಬಿಯರ್ ಒಂದು ಪೊದೆಬಳ್ಳಿ. ಅದರ ಎಲೆಯನ್ನು ಕುದಿಸಿ ಇಂಗಿಸಿದ ಸಾರ ನಮ್ಮ ಕಾಚಿನಂತೆ ವೀಳ್ಯದೊಡನೆ ಸಲ್ಲುತ್ತದೆ; ಅದಕ್ಕಿಂತ ಮಿಗಿಲಾಗಿ ಚರ್ಮ ಹದಮಾಡಲು ಯೂರೋಪಿನವರಿಗೆ ಬೇಕಾಯಿತು. ಕುದಿಸಿ ಬಿಸುಟ ಎಲೆ ಮೆಣಸಿನ ಬಳ್ಳಿಗೆ ಒಳ್ಳೆಯ ಗೊಬ್ಬರ. ಆದುದರಿಂದ ಗ್ಯಾಂಬಿಯರ್ ಇದ್ದಲ್ಲಿ ಮೆಣಸೂ ಬಂತು. ತೋಟಕ್ಕಾಗಿ ಕಾಡು ಕಡಿಯಬೇಕು. ಒಲೆಗೆ ಸೌದೆಯಾಗಿ ಇನ್ನಷ್ಟು ಕಾಡು ಕಡಿಯಬೇಕು. ಹದಿನೈದಿಪ್ಪತ್ತು ವರ್ಷಗಳಲ್ಲಿ ಮಣ್ಣು ಸೋತಾಗ ರೈತರು ಆ ಜಾಗ ಬಿಟ್ಟು ಮುಂದಿನ ಕಾಡಿಗೆ ಹೋಗುತ್ತಿದ್ದರು. ಬಿಟ್ಟ ನೆಲವನ್ನು ಲಾಲಾಂಗ್ ಎಂಬ ಬಿಸಿಲಿನ ಹುಲ್ಲು ಆವರಿಸಿ, ಬೇಸಗೆಯಲ್ಲಿ ಬೆಂಕಿಗೆ ಆಹುತಿಯಾಗಿ, ಮರಗಳು ಮತ್ತೆ ತಲೆಯೆತ್ತದಂತೆ ಮಾಡುತ್ತಿತ್ತು. ನಮ್ಮ ಹಿತ್ತಲಿನ ಕೊನ್ನಾರಿಯ ಕಥೆಯೇ, ಒಂದು ದ್ವೀಪದಷ್ಟು ದೊಡ್ಡದಾಗಿ. ಬಳಿಕ ರಬ್ಬರು ಬಂತು, ನಗರ ಬೆಳೆಯಿತು. ಇಂದು ಈ ದ್ವೀಪದ ಮೂಲ ಕಾಡಿನಲ್ಲಿ ನೂರಕ್ಕೆ ೯೫ಕ್ಕೂ ಹೆಚ್ಚು ಪಾಲು ಇಲ್ಲವಾಗಿದೆ.

ಅದೇ ಮೆಣಸು ನಮ್ಮ ಮಲೆನಾಡಿನ ಕಾನುಗಳಲ್ಲಿ ಹೇಗೆ ಬೆಳೆಯುತ್ತಿತ್ತು? ಕಾನಿನ ಮರಗಳಿಗೇ ಬಳ್ಳಿ ಹಬ್ಬಿಸಿ, ಮರ ಕಡಿಯದೆ, ನೆರಳಿನಲ್ಲಿಯೇ ಹಳ್ಳಿಯವರು ಕೊಯ್ದುಕೊಳ್ಳುತ್ತಿದ್ದರು. ೧೮೬೮ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬ ತಾಲೂಕಿನ ಕಾನುಗಳ ಮೇಲೆಯೇ ಒಂದು ವರದಿ ಬರೆದರು; ಸರ್ಕಾರದ ಕಣ್ಣಿಗೂ ಅವು ಬೇರೆಯಾಗಿ ಎಣಿಸಬೇಕಾದ ಕಾಡುಗಳಾಗಿದ್ದವು. ಬಳ್ಳಿ ಒಂದೇ, ಒಂದು ಕಡೆ ಅದು ಕಾಡನ್ನು ತಿಂದಿತು, ಇನ್ನೊಂದು ಕಡೆ ಕಾಡಿನೊಡನೆ ಬಾಳಿತು. ಆದರೆ ಮಲೆನಾಡಿನವರು ಪುಣ್ಯವಂತರೆಂದು ಬೆನ್ನು ತಟ್ಟಿಕೊಳ್ಳುವ ಹಕ್ಕು ನಮಗಿಲ್ಲವೆಂಬುದನ್ನು ಆಗಲೇ ಒಪ್ಪಿಕೊಂಡಿದ್ದೇವೆ.

ಉಳಿದದ್ದು ಉಳಿದ ಬಗೆ

ಸಿಂಗಪುರದಲ್ಲಿ ಉಳಿದಿರುವ ಕಾಡು ಬಹುಮಟ್ಟಿಗೆ ನೀರಿನ ಋಣದಿಂದ ಉಳಿದುದು. ಊರಿಗೆ ಕುಡಿಯುವ ನೀರು ಬೇಕಾಗಿ ಇಲ್ಲಿನ ಮೊದಲ ಜಲಾಶಯವನ್ನು ಕಟ್ಟಿದರು; ಕಟ್ಟಿ ಮುಗಿದದ್ದು ೧೮೬೮ರಲ್ಲಿ, ಸೊರಬದ ಕಾನುಗಳ ವರದಿ ಬರೆದ ವರ್ಷದಲ್ಲಿಯೇ. ಇಂದು ಅದನ್ನು ಮ್ಯಾಕ್‌ರಿಚಿ ಎನ್ನುತ್ತೇವೆ. ಜಲಾಶಯ ತುಂಬಬೇಕಾದರೆ ಸುತ್ತಣ ನೆಲ ಮಳೆಯನ್ನು ಕುಡಿದು ನಿಧಾನವಾಗಿ ಬಿಡಬೇಕು. ಅದಕ್ಕಾಗಿ ಆ ಪ್ರದೇಶವನ್ನು ಕಾಯ್ದರು. ೧೮೮೩ರಲ್ಲಿ ಸಸ್ಯೋದ್ಯಾನದ ಅಧಿಕಾರಿಯಾಗಿದ್ದ ಕ್ಯಾಂಟ್ಲಿ ದ್ವೀಪದ ಕಾಡುಗಳ ದುಃಸ್ಥಿತಿಯನ್ನು ವರದಿ ಮಾಡಿದ ಮೇಲೆ ಮೀಸಲು ಕಾಡುಗಳು ಏರ್ಪಟ್ಟವು. ೧೯೫೧ರಲ್ಲಿ ಇವಕ್ಕೆ ಕಾನೂನಿನ ಬಲ ದೊರೆಯಿತು. ಬುಕಿತ್ ತಿಮಾ ಬೆಟ್ಟದ ಮೀಸಲು ಕೇವಲ ೧೬೩ ಹೆಕ್ಟೇರು. ಅದರ ಪಕ್ಕದಲ್ಲಿ ಜಲಾಶಯಗಳನ್ನು ಸುತ್ತುವರಿದ ಮಧ್ಯದ ಕಾಡು ಅದಕ್ಕಿಂತ ಬಹಳ ದೊಡ್ಡದು. ೧೯೮೬ರಲ್ಲಿ ಇವೆರಡರ ನಡುವೆ ಹೆದ್ದಾರಿ ಹಾಯಿತು. ೨೦೧೩ರಲ್ಲಿ ಆ ಹೆದ್ದಾರಿಯ ಮೇಲೆ ಪ್ರಾಣಿಗಳು ದಾಟಲೆಂದೇ ಗಿಡಮರ ಬೆಳೆಸಿದ ಸೇತುವೆಯನ್ನು ಕಟ್ಟಿದರು.

ಮಧ್ಯದ ಕಾಡಿನ ಉತ್ತರದಲ್ಲಿ ನೀ ಸೂನ್ ಎಂಬ ಜವುಗುಗಾಡಿದೆ. ಸಿಹಿನೀರಿನ ಜವುಗುಗಾಡೆಂದು ಹೇಳಬಹುದಾದುದರಲ್ಲಿ ಈ ದ್ವೀಪದಲ್ಲಿ ಉಳಿದ ಮುಖ್ಯ ನೆಲೆ ಅದೊಂದೇ. ಕಾನುಜೇಕಿನಂಥ ಸಸ್ಯಗಳಿಗೆ ಒಲಿದ ಜಾಗ: ಮೇಲೆ ನೆರಳು, ಕೆಳಗೆ ತೇವ. ಅಲ್ಲಿ ನೀರಿನ ಮಟ್ಟ ಒಂದು ಗೇಣು ಇಳಿದರೆ ಮರಗಳಿಗೆ ಬೇಗ ತಿಳಿಯದು. ನೆಲಕ್ಕಂಟಿದ ಸಣ್ಣ ಗಿಡಗಳಿಗೆ ಮೊದಲು ತಿಳಿಯುತ್ತದೆ. ಮಧ್ಯದ ಕಾಡಿನ ಕೆಳಗೆ ರೈಲು ಸುರಂಗ ಕೊರೆಯುವ ಯೋಜನೆ ೨೦೧೩ರಲ್ಲಿ ಹೊರಬಿದ್ದಾಗ ಈ ನಾಡಿನ ನಿಸರ್ಗಪ್ರಿಯರು ತೊರೆಗಳ ಗತಿಯೇನೆಂದು ಕೇಳಿದರು. ವರ್ಷಗಳ ಪರಿಶೀಲನೆ ಚರ್ಚೆಗಳ ನಂತರ ೨೦೧೯ರ ಡಿಸೆಂಬರಿನಲ್ಲಿ, ಕಾಡಿನ ಅಡಿಯಿಂದಲೇ ಆದರೆ ಸುಮಾರು ೭೦ ಮೀಟರ್ ಆಳದಲ್ಲಿ ಸುರಂಗ ಹೋಗತಕ್ಕದ್ದೆಂದು ನಿರ್ಧಾರವಾಯಿತು. ಅಷ್ಟು ಆಳ ಸಾಕೇ ಎಂಬುದಕ್ಕೆ ಮೇಲಿನ ತೊರೆಗಳೇ ಮುಂದೆ ಸಾಕ್ಷಿ ಹೇಳಬೇಕು.

ನಮ್ಮ ಕಡೆಗೂ ಇಂಥ ಜವುಗುಗಾಡುಗಳಿವೆ. ಸಿದ್ದಾಪುರ ತಾಲೂಕಿನ ಕತ್ತಲೆಕಾನು ಅವುಗಳಲ್ಲಿ ಹೆಸರಾದುದು. ಜಾಯಿಕಾಯಿಯ ಬಳಗದ ಮರಗಳು ಅಲ್ಲಿ ಉಸಿರಾಡಲೆಂದು ಕೆಸರಿನಿಂದ ಬೇರುಗಳನ್ನು ಮೊಣಕಾಲಿನಂತೆ ಮೇಲೆತ್ತಿ ನಿಂತಿವೆ. ಗೇರಿನ ಬಳಗಕ್ಕೆ ಸೇರಿದ, ಅದುವರೆಗೆ ಶಾಸ್ತ್ರಕ್ಕೆ ತಿಳಿಯದಿದ್ದ ಮರವೊಂದನ್ನು ಅಲ್ಲಿ ಗುರುತಿಸಿ, ೨೦೦೦ನೆಯ ವರ್ಷದಲ್ಲಿ ಕತ್ತಲೆಕಾನಿನ ಹೆಸರನ್ನೇ ಅದಕ್ಕೆ ಇಟ್ಟರು. ಇಪ್ಪತ್ತನೆಯ ಶತಮಾನವೆಲ್ಲ ಕಳೆಯುವವರೆಗೆ ಒಂದು ದೊಡ್ಡ ಮರವೇ ಕಣ್ಣು ತಪ್ಪಿಸಿಕೊಂಡಿತ್ತೆಂದರೆ, ಕಾಲಬುಡದ ಜೇಕಿನ ಮಾತು ಹೇಳುವುದೇನು? ಇಂಥ ಕಣಿವೆಗಳಲ್ಲಿ ಎಷ್ಟೋ ಈಗಾಗಲೇ ಗದ್ದೆಯಾಗಿವೆ, ಅಡಿಕೆ ತೋಟವಾಗಿವೆ. ಆ ಊರಿನ ಹೆಸರನ್ನು ಇನ್ನೊಮ್ಮೆ ಉಚ್ಚರಿಸಿ ನೋಡಿರಿ: ಕತ್ತಲೆಕಾನು. ಕಾನಿನ ಸಂಪತ್ತು ಮರದಲ್ಲಷ್ಟೇ ಅಲ್ಲ, ಅದರ ಕತ್ತಲೆಯಲ್ಲಿದೆ ಎಂಬುದನ್ನು ಹೆಸರಿಟ್ಟ ಹಿರಿಯರು ಅರಿತಿದ್ದರು.

ಮರ ಕಡಿದರೆ ಮರ ನೆಡಬಹುದೆಂದು ನಾವೆಲ್ಲ ಸುಲಭವಾಗಿ ಹೇಳುತ್ತೇವೆ. ನೆಟ್ಟ ಮರ ಹತ್ತಿಪ್ಪತ್ತು ವರ್ಷಗಳಲ್ಲಿ ಎತ್ತರವಾದೀತು. ಆದರೆ ನೂರಕ್ಕೆ ಒಂದೆರಡು ಪಾಲು ಬೆಳಕನ್ನು ಮಾತ್ರ ಕೆಳಗಿಳಿಸುವ ಹಲವು ಅಂತಸ್ತಿನ ಚಪ್ಪರ, ಬೇಸಗೆಯಲ್ಲಿಯೂ ಒಣಗದ ಕಪ್ಪು ಮಣ್ಣು, ಗಾಳಿಯಾಡದ ತಂಪು ಇವನ್ನು ನೆಡಲಾಗುವುದಿಲ್ಲ. ಅವು ಕೂಡಿಬರಬೇಕು. ಕೂಡಿಬಂದಿವೆಯೋ ಇಲ್ಲವೋ ಎಂಬುದನ್ನು ಮೇಲೆ ನೋಡಿ ಹೇಳುವುದು ಕಷ್ಟ, ಕೆಳಗೆ ನೋಡಬೇಕು. ಕಾನುಜೇಕು ಹಾಯಾಗಿ ಬೆಳೆದಿರುವಲ್ಲಿ ನೆರಳೂ ನೀರೂ ಇನ್ನೂ ಸ್ವಸ್ಥಾನದಲ್ಲಿವೆ ಎಂದು ತಿಳಿಯಬಹುದು. ನಮ್ಮ ಹಿತ್ತಲಿನ ತಗ್ಗಿನಲ್ಲಿ ಇಂದು ಅಡಿಕೆ ಮರಗಳು ನೆಟ್ಟಗೆ ನಿಂತಿವೆ, ಫಲವನ್ನೂ ಕೊಡುತ್ತಿವೆ. ಊರಿಗೆ ಹೋದಾಗಲೆಲ್ಲ ನಾವು ಹಳ್ಳದ ಅಂಚಿನಲ್ಲಿ ಆ ಅಗಲ ಎಲೆಗಾಗಿ ಹುಡುಕುತ್ತೇವೆ. ಇದುವರೆಗೆ ಕಂಡಿಲ್ಲ.

ಬಂಧುಗಳೇ, ಮಾತು ದೀರ್ಘವಾಯಿತು. ಒಳಗೆ ಕಾಫಿ ಆರುತ್ತಿದೆಯೆಂದು ಕಾರ್ಯದರ್ಶಿಗಳು ಸನ್ನೆ ಮಾಡುತ್ತಿದ್ದಾರೆ. ಒಂದೇ ಕೋರಿಕೆ. ಮುಂದಿನ ಬಾರಿ ಮಕ್ಕಳನ್ನು ಆ ಹಾದಿಗೆ ಕರೆದೊಯ್ದಾಗ ತೊರೆಯ ತಗ್ಗಿನಲ್ಲಿ ಎರಡು ನಿಮಿಷ ನಿಲ್ಲಿರಿ. ಮೀಸಲು ಕಾಡಿನ ಗಿಡವನ್ನು ಮುಟ್ಟುವುದು ಬೇಡ, ಕೀಳುವುದಂತೂ ಕೂಡದು. ಬಗ್ಗಿ ನೋಡಿದರೆ ಸಾಕು. ದಂಟು ಹೊರಳಿಸುವ ಪರೀಕ್ಷೆಗೆ ನಿಮ್ಮ ಮನೆಯ ಕೆಳಗಿನ ಹುಲ್ಲುಹಾಸಿನಲ್ಲಿ ಕೊನ್ನಾರಿ ಧಾರಾಳವಾಗಿ ಸಿಕ್ಕೀತು. ಮಕ್ಕಳು "ಹುಲ್ಲು ಯಾಕೆ ಇಷ್ಟು ಅಗಲ" ಎಂದು ಕೇಳಿದರೆ, ಮಳೆ ಬರುವಂತಿದ್ದರೂ ಉತ್ತರ ಹೇಳಿರಿ: ಮಗು, ಅದು ಹುಲ್ಲಲ್ಲ, ಜೇಕು, ಇಲ್ಲಿ ಬೆಳಕು ಕಡಿಮೆ, ಅದಕ್ಕೇ ಅದು ಕೈ ಅಗಲಿಸಿ ಕುಳಿತಿದೆ, ನಮ್ಮೂರ ಕಾನಿನಲ್ಲಿಯೂ ಅದು ಇದೆ.